ಕರೆಂಟ್ ಬಿಲ್ಲಿನ ಜೊತೆ ಕಂತೋ, ಬ್ಯಾಂಕ್ ಸಾಲವೋ, ಸೊಸೈಟಿಯೋ: ಉತ್ತರ ಕನ್ನಡದ ಮನೆಗಳಿಗೊಂದು ಹೋಲಿಕೆ

"ನೀವು ಕೈಯಿಂದ ಏನೂ ಹಾಕೋದು ಬೇಡ, ಈಗ ಕಟ್ಟೋ ಕರೆಂಟ್ ಬಿಲ್ಲಿನ ದುಡ್ಡಲ್ಲೇ ಕಂತು ಮುಗಿದು ಹೋಗ್ತದೆ." ಸೋಲಾರ್ ಮಾರುವವರ ಬಾಯಲ್ಲಿ ಈಗ ಎಲ್ಲ ಕಡೆ ಇದೇ ಮಾತು. ಕೇಳೋಕೆ ಚೆಂದ. ಕೆಲವು ಮನೆಗಳಿಗೆ ನಿಜವೂ ಹೌದು. ಆದರೆ ನಮ್ಮ ಜಿಲ್ಲೆಯ ಬಹಳಷ್ಟು ಮನೆಗಳಲ್ಲಿ ಒಂದು ತೊಡಕಿದೆ. ಅಲ್ಲಿ ಕಟ್ಟುವ ಬಿಲ್ಲೇ ಇಲ್ಲ! ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವ ಮನೆಯವರು ಉಳಿಸುವುದು ಏನನ್ನು, ಕಂತು ಕಟ್ಟುವುದು ಯಾವುದರಿಂದ?

ಹಾಗಾಗಿ ಯಾವ ಸಾಲ ಒಳ್ಳೆಯದು ಎಂದು ಕೇಳುವ ಮೊದಲು ಬಿಲ್ ಎಷ್ಟು ಇಳಿಯುತ್ತದೆ ಎಂದು ಕೇಳಬೇಕು. ಇಳಿಯುವ ಮೊತ್ತಕ್ಕಿಂತ ಕಂತು ಕಡಿಮೆ ಇದ್ದರೆ ಮುಂದಿನ ಮಾತು. ಜಾಸ್ತಿ ಇದ್ದರೆ ಬಡ್ಡಿ ಎಷ್ಟೇ ಕಡಿಮೆ ಇರಲಿ, ಅದು ಮೈಮೇಲೆ ಎಳೆದುಕೊಂಡ ಖರ್ಚು.

ಮೊದಲು ಹಳೆ ಬಿಲ್ಲುಗಳನ್ನು ಹರಡಿಕೊಳ್ಳಿ

ಹೆಸ್ಕಾಂ ಬಿಲ್ಲಿನಲ್ಲಿ ಮೂರು ಸಂಗತಿ ನೋಡಿ. ತಿಂಗಳಿಗೆ ಎಷ್ಟು ಯೂನಿಟ್ ಸುಟ್ಟಿದೆ, ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್, ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ ಎಷ್ಟು ಯೂನಿಟ್ ಉಚಿತ. ಒಂದೇ ತಿಂಗಳ ಬಿಲ್ ಸಾಲದು. ಏಪ್ರಿಲ್–ಮೇ ತಿಂಗಳದ್ದು, ಜುಲೈದು, ಡಿಸೆಂಬರ್‌ದು ಬೇಕು. ಕಾರವಾರದಲ್ಲಿ ಮೇ ತಿಂಗಳ ಬೆವರಿಗೂ ಶಿರಸಿಯಲ್ಲಿ ಡಿಸೆಂಬರ್ ಚಳಿಗೂ ಬಿಲ್ಲಿನಲ್ಲಿ ಬೇರೆ ಬೇರೆ ಗುರುತು ಬೀಳುತ್ತದೆ.

ದರದ ಲೆಕ್ಕ ಹೀಗಿದೆ. 2025–26ರಲ್ಲಿ ಗೃಹಬಳಕೆಗೆ ಯೂನಿಟ್‌ಗೆ 5 ರೂಪಾಯಿ 80 ಪೈಸೆ. ಅದಕ್ಕೆ ಶೇ 9 ತೆರಿಗೆ. ಮತ್ತೆ ಪಿಂಚಣಿ–ಗ್ರಾಚ್ಯುಟಿ ಸರ್‌ಚಾರ್ಜ್ 36 ಪೈಸೆ. ಎಲ್ಲ ಸೇರಿ ಆರೂವರೆ ರೂಪಾಯಿ ಚಿಲ್ಲರೆ. ಇಲ್ಲಿ ಸುಲಭಕ್ಕೆ ಆರೂವರೆ ಎಂದೇ ಹಿಡಿಯುತ್ತೇನೆ. ಇದಲ್ಲದೆ ಮಂಜೂರಾದ ಲೋಡಿನ ಪ್ರತಿ ಕಿಲೋವ್ಯಾಟ್‌ಗೆ ಆ ವರ್ಷ 145 ರೂಪಾಯಿ ನಿಗದಿತ ಶುಲ್ಕ. ತಾರಸಿ ತುಂಬ ಸೋಲಾರ್ ಹಾಕಿದರೂ ಈ ಶುಲ್ಕ ಹೋಗುವುದಿಲ್ಲ. "ಬಿಲ್ ಸೊನ್ನೆ ಆಗ್ತದೆ" ಎನ್ನುವ ಏಜೆಂಟರು ಇದನ್ನು ಹೇಳುವುದನ್ನು ಮರೆಯುತ್ತಾರೆ.

2024ರ ಏಪ್ರಿಲ್‌ನಿಂದ ಎಲ್ಲ ಯೂನಿಟ್‌ಗೂ ಒಂದೇ ದರ. ಸ್ಲ್ಯಾಬ್ ದಾಟುವ ಹೆದರಿಕೆ ಈಗಿಲ್ಲ. ಆದರೆ ಅದಕ್ಕಿಂತ ದೊಡ್ಡ ಗೆರೆ ಒಂದಿದೆ, ಗೃಹಜ್ಯೋತಿಯ 200 ಯೂನಿಟ್. 2022–23ರ ನಿಮ್ಮ ಸರಾಸರಿ ಬಳಕೆಗೆ ಶೇ 10 ಸೇರಿಸಿದಷ್ಟು ಉಚಿತ. ಅದಕ್ಕೂ 200ಕ್ಕೂ ನಡುವೆ ಬಳಸಿದರೆ ಹೆಚ್ಚುವರಿಗೆ ಮಾತ್ರ ದುಡ್ಡು. 200 ದಾಟಿದ ತಿಂಗಳು ಮಾತ್ರ ಪೂರ್ತಿ ಬಿಲ್ ನಿಮ್ಮ ತಲೆಗೆ.

ಈ ಗೆರೆಯ ಹತ್ತಿರ ಇರುವ ಮನೆಗಳಿಗೆ ಸಾಲವೇ ಬೇಡ ಎನ್ನುವುದು ನನ್ನ ಅಭಿಪ್ರಾಯ. ಒಂದು ಮನೆ ಹಿಡಿಯೋಣ. ಉಚಿತ ಪಾಲು 180 ಯೂನಿಟ್, ಲೋಡ್ 2 ಕಿಲೋವ್ಯಾಟ್. ಬೇಸಿಗೆಯಲ್ಲಿ 230 ಯೂನಿಟ್ ಸುಡುತ್ತದೆ. ಆ ತಿಂಗಳ ಬಿಲ್ ಹತ್ತಿರ ಹತ್ತಿರ 1,785 ರೂಪಾಯಿ. ಈಗ ಆ ಮನೆಯ ಮೂರು ಹಳೆ ಫ್ಯಾನ್ ತೆಗೆದು ಕಡಿಮೆ ಕರೆಂಟ್ ತಿನ್ನುವ ಬಿಎಲ್‌ಡಿಸಿ ಫ್ಯಾನ್ ಹಾಕಿ. ಹಳೆಯದು 75 ವ್ಯಾಟ್, ಹೊಸದು 30 ವ್ಯಾಟ್. ದಿನಕ್ಕೆ 12 ತಾಸು ತಿರುಗಿದರೆ ಒಂದು ಫ್ಯಾನಿನಲ್ಲಿ ತಿಂಗಳಿಗೆ 16 ಯೂನಿಟ್ ಉಳಿಯುತ್ತದೆ, ಮೂರರಲ್ಲಿ 48. 230 ಇದ್ದದ್ದು 182ಕ್ಕೆ ಬರುತ್ತದೆ. ಕಟ್ಟಬೇಕಾದದ್ದು 2 ಯೂನಿಟ್‌ನ ದುಡ್ಡು! ಫ್ಯಾನ್ ಒಂದಕ್ಕೆ 3,000ದಂತೆ 9,000 ಖರ್ಚು. ಇಂಥ ಬೇಸಿಗೆ ಬಿಲ್ ಐದಾರು ಬರುವಷ್ಟರಲ್ಲಿ ವಸೂಲಾಯಿತು. ಇಷ್ಟು ಬೇಗ ದುಡ್ಡು ಮರಳಿ ಕೊಡುವ ಸೋಲಾರ್ ಯಾವುದೂ ಇಲ್ಲ.

200ಕ್ಕಿಂತ ಬಹಳ ಮೇಲಿರುವ ಮನೆಯಲ್ಲಿ ಅದೇ ಫ್ಯಾನ್ ತಿಂಗಳಿಗೆ 105 ರೂಪಾಯಿ ಉಳಿಸುತ್ತದೆ ಅಷ್ಟೆ. ಎರಡೂವರೆ ವರ್ಷದ ಲೆಕ್ಕ. ಅದೂ ಕೆಟ್ಟದ್ದಲ್ಲ. ಕೊಳ್ಳುವಾಗ ಮೋಟರಿಗಿಂತ ಒಳಗಿನ ಸರ್ಕ್ಯೂಟ್ ಬೋರ್ಡಿಗೆ ಎಷ್ಟು ವರ್ಷ ಗ್ಯಾರಂಟಿ ಎಂದು ಕೇಳಿ. ಮೇ ತಿಂಗಳ ಗುಡುಗು ಸಿಡಿಲಿಗೆ ಮೊದಲು ಹೋಗುವುದು ಅದೇ.

ಫ್ರಿಜ್ ವಿಷಯ ಇನ್ನೂ ಸುಲಭ. ಅದರ ಬಾಗಿಲ ಮೇಲೆ ನಕ್ಷತ್ರಗಳ ಚೀಟಿ ಇರುತ್ತದಲ್ಲ, ಜನ ನಕ್ಷತ್ರ ಎಣಿಸಿ ಬಿಡುತ್ತಾರೆ. ಅದರ ಕೆಳಗೆ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಅಂಕಿಯಲ್ಲೇ ಬರೆದಿರುತ್ತದೆ. 12ರಿಂದ ಭಾಗಿಸಿ. ಚೀಟಿಯಲ್ಲಿ 180 ಇದ್ದರೆ ತಿಂಗಳಿಗೆ 15. ರಬ್ಬರು ಸಡಿಲವಾದ ಹದಿನೈದು ವರ್ಷದ ಹಳೆ ಫ್ರಿಜ್ ದಿನಕ್ಕೆ ಒಂದೂವರೆ ಯೂನಿಟ್ ತಿನ್ನುವುದು ಅಪರೂಪವೇನಲ್ಲ. ಅಂದರೆ ತಿಂಗಳಿಗೆ 45.

ಎರಡು ವಿಷಯ ಬೇಗ ಮುಗಿಸಿ ಬಿಡುತ್ತೇನೆ. ತೋಟದ ಪಂಪ್‌ಸೆಟ್ 10 ಎಚ್‌ಪಿವರೆಗೆ ಉಚಿತ ವಿದ್ಯುತ್ತಿನಲ್ಲಿ ಓಡುತ್ತದೆ. ಅಲ್ಲಿ ಒಳ್ಳೆ ಪಂಪ್ ಹಾಕಿದರೆ ನೀರು ಚೆನ್ನಾಗಿ ಬರಬಹುದು, ಬಿಲ್ ಇಳಿಯಲು ಬಿಲ್ಲೇ ಇಲ್ಲ. ಹಾಗೆಯೇ ಬಚ್ಚಲ ಒಲೆಯಲ್ಲಿ ಅಡಿಕೆ ಸಿಪ್ಪೆ, ಸೋಗೆ ಒಟ್ಟಿ ಹಂಡೆ ಕಾಯಿಸುವ ಘಟ್ಟದ ಮೇಲಿನ ಮನೆಯಲ್ಲಿ ಸೋಲಾರ್ ವಾಟರ್ ಹೀಟರ್ ಹಾಕಿದರೆ ಉಳಿಯುವುದು ಸೌದೆ ಮತ್ತು ಹೊಗೆ, ಕರೆಂಟಲ್ಲ. ಹಾಕಬಾರದು ಅಂತಲ್ಲ. ಬಿಲ್ ಉಳಿತಾಯ ತೋರಿಸಿ ಸಾಲ ಕೊಡಲು ಬಂದರೆ ಒಪ್ಪಬೇಡಿ.

ಬಿಲ್ಲಿನ ಜೊತೆ ಕಂತು: ಯಾರಿಗೆ ಒಗ್ಗುತ್ತದೆ?

ಇದರ ಮೂಲ ಯೋಚನೆ ಸರಳ. ಉಪಕರಣದ ದುಡ್ಡನ್ನು ವಿದ್ಯುತ್ ಕಂಪನಿಯೋ ಬೇರೊಂದು ಕಂಪನಿಯೋ ಹಾಕುತ್ತದೆ. ನೀವು ತಿಂಗಳ ಬಿಲ್ಲಿನ ಜೊತೆ ಸ್ವಲ್ಪ ಸ್ವಲ್ಪ ತೀರಿಸುತ್ತೀರಿ. ಸಿಬಿಲ್ ಸ್ಕೋರ್ ಬೇಡ, ಜಾಮೀನುದಾರರು ಬೇಡ, ಪಹಣಿ ಹಿಡಿದು ಓಡಾಡುವುದು ಬೇಡ. ಹತ್ತು ವರ್ಷ ತಪ್ಪದೆ ಬಿಲ್ ಕಟ್ಟಿದ ಮನೆ ಎಂಬುದೇ ನಂಬಿಕೆಗೆ ಸಾಕು.

ಇದು ನಮಗೆ ತೀರಾ ಹೊಸದಲ್ಲ. 2004ರ ಕೊನೆಗೆ ಬೆಂಗಳೂರಿನಲ್ಲಿ ಬೆಸ್ಕಾಂ ಸಿಎಫ್‌ಎಲ್ ಬಲ್ಬುಗಳನ್ನು ಹೀಗೆ ಬಿಲ್ಲಿನ ಕಂತಿನಲ್ಲಿ ಕೊಡಿಸಿತ್ತು. 2015ರಲ್ಲಿ ಕೇಂದ್ರ ಸರ್ಕಾರದ ಎಲ್‌ಇಡಿ ಯೋಜನೆ ಬಂದಾಗ ದೆಹಲಿಯಂಥ ಕಡೆ 10 ರೂಪಾಯಿ ಕೊಟ್ಟು ಬಲ್ಬ್ ಒಯ್ದು, ಉಳಿದದ್ದನ್ನು ತಿಂಗಳಿಗೆ 10 ರೂಪಾಯಿಯಂತೆ ಬಿಲ್ಲಿನಲ್ಲಿ ಕಟ್ಟುವ ಅವಕಾಶ ಇತ್ತು. ಬಲ್ಬ್ ಸಣ್ಣ ವಸ್ತು, ಉಳಿತಾಯ ಮೊದಲ ತಿಂಗಳೇ ಕಾಣುತ್ತದೆ. ಅದಕ್ಕೇ ನಡೆಯಿತು.

ದೊಡ್ಡ ಖರ್ಚಿಗೆ ಇದೇ ದಾರಿ ಹಿಡಿದವರಲ್ಲಿ ಇಬ್ಬರ ಕಥೆ ಹೇಳಬೇಕು. ಅಮೆರಿಕದ ಕಾನ್ಸಾಸ್‌ನಲ್ಲಿ ಗ್ರಾಹಕರೇ ಒಡೆಯರಾದ ಸಹಕಾರಿ ವಿದ್ಯುತ್ ಸಂಸ್ಥೆ ಮಿಡ್‌ವೆಸ್ಟ್ ಎನರ್ಜಿ 2007ರಲ್ಲಿ ಶುರು ಮಾಡಿದ ಯೋಜನೆಯಲ್ಲಿ ಕಂತು ವ್ಯಕ್ತಿಗೆ ಅಂಟುವುದಿಲ್ಲ, ಮನೆಯ ಮೀಟರಿಗೆ ಅಂಟುತ್ತದೆ. ಬಾಡಿಗೆಯವರು ಮನೆ ಬಿಟ್ಟರೆ ಮುಂದೆ ಬಂದವರು ಕಟ್ಟುತ್ತಾರೆ. ಯಾಕೆಂದರೆ ಉಳಿತಾಯದ ಸುಖವೂ ಅವರಿಗೇ. ಬ್ರಿಟನ್ ಸರ್ಕಾರ 2013ರ ಜನವರಿಯಲ್ಲಿ ತಂದ ಗ್ರೀನ್ ಡೀಲ್ ಕೂಡ ಹೀಗೇ ಮೀಟರಿಗೆ ಅಂಟಿದ ಸಾಲ. ಕಂತು ಯಾವತ್ತೂ ಅಂದಾಜು ಉಳಿತಾಯಕ್ಕಿಂತ ಜಾಸ್ತಿ ಇರಬಾರದು ಎಂಬ ಒಳ್ಳೆಯ ನಿಯಮವೂ ಇತ್ತು. ಆದರೂ ಬಡ್ಡಿ ಶೇ 7ರ ಆಸುಪಾಸು, ಕಾಗದಪತ್ರ ರಾಶಿ. ಸುಮಾರು 14,000 ಮನೆಗಳು ಮಾತ್ರ ಸಾಲ ತೆಗೆದುಕೊಂಡವು. 2015ರ ಜುಲೈನಲ್ಲಿ ಸರ್ಕಾರ ದುಡ್ಡು ಹಾಕುವುದನ್ನೇ ನಿಲ್ಲಿಸಿತು. ನಿಯಮದಲ್ಲಿದ್ದ "ಅಂದಾಜು" ಎಂಬ ಪದವನ್ನು ಗಮನಿಸಿ. ಉಳಿತಾಯ ಅಂದಾಜಿನದ್ದು, ಕಂತು ನಿಜದ್ದು.

ನಮ್ಮಲ್ಲಿ ಇದಕ್ಕೆ ಹತ್ತಿರದ ರೂಪ, ತಾರಸಿ ಸೋಲಾರಿಗೆ ಸಬ್ಸಿಡಿ ಕೊಡುವ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯೊಳಗೇ ಇದೆ. ಒಂದು ರೆಸ್ಕೋ ಮಾದರಿ. ಕಂಪನಿ ತನ್ನ ದುಡ್ಡಿನಲ್ಲಿ ನಿಮ್ಮ ತಾರಸಿಯ ಮೇಲೆ ಸೋಲಾರ್ ಹಾಕುತ್ತದೆ. ಒಡೆತನ ಅದರದ್ದೇ, ನೀವು ತಿಂಗಳು ತಿಂಗಳು ದುಡ್ಡು ಕೊಡುತ್ತೀರಿ. ಇನ್ನೊಂದು, ವಿದ್ಯುತ್ ಸರಬರಾಜು ಕಂಪನಿಯೇ ಅಥವಾ ರಾಜ್ಯ ಗೊತ್ತುಮಾಡಿದ ಸಂಸ್ಥೆಯೇ ಹಲವು ಮನೆಗಳನ್ನು ಒಟ್ಟು ಮಾಡಿ ಹಾಕಿಸುವ ಮಾದರಿ. ಎರಡರಲ್ಲೂ ಕನಿಷ್ಠ 5 ವರ್ಷದ ನಂತರ ಒಡೆತನ ಮನೆಯವರಿಗೆ ಬರುತ್ತದೆ. ಮುಖ್ಯ ವ್ಯತ್ಯಾಸ ಒಂದು: ಇಲ್ಲಿ ಸಬ್ಸಿಡಿ ನಿಮ್ಮ ಖಾತೆಗೆ ಬರುವುದಿಲ್ಲ. ಆ ಲಾಭ ಕಡಿಮೆ ದರದ ರೂಪದಲ್ಲಿ ನಿಮಗೆ ಸಿಗಬೇಕು. ಸಿಗುತ್ತದೆಯೋ ಇಲ್ಲವೋ ಎಂಬುದು ಒಪ್ಪಂದದ ಕಾಗದದಲ್ಲಿರುತ್ತದೆ, ಏಜೆಂಟರ ಮಾತಿನಲ್ಲಲ್ಲ.

ಇಂಥ ಕಾಗದಕ್ಕೆ ಸಹಿ ಹಾಕುವ ಮೊದಲು ನಾಲ್ಕು ಪ್ರಶ್ನೆಗೆ ಬರಹದಲ್ಲೇ ಉತ್ತರ ಪಡೆಯಿರಿ. ಕಂತು ತಪ್ಪಿದರೆ ಮನೆಯ ಕರೆಂಟ್ ಕಟ್ ಮಾಡುತ್ತಾರಾ? ಇದು ಸಣ್ಣ ಪ್ರಶ್ನೆಯಲ್ಲ. 2003ರ ವಿದ್ಯುತ್ ಕಾಯ್ದೆಯ 56ನೇ ಕಲಮಿನಂತೆ ಬಾಕಿಗೆ ಕರೆಂಟ್ ತೆಗೆಯಲು 15 ದಿನದ ಲಿಖಿತ ನೋಟಿಸ್ ಸಾಕು. ಬ್ಯಾಂಕಿನ ಕಂತು ತಪ್ಪಿದರೆ ಫೋನ್ ಬರುತ್ತದೆ, ದಂಡ ಬೀಳುತ್ತದೆ, ಆದರೆ ಅಡುಗೆಮನೆಯ ದೀಪ ಆರುವುದಿಲ್ಲ. ಎರಡನೆಯದು, ಅರ್ಧ ದುಡ್ಡು ಕಟ್ಟಿದರೆ ಅದು ಮೊದಲು ಕರೆಂಟಿಗೆ ಹೋಗುತ್ತದಾ, ಕಂತಿಗೆ ಹೋಗುತ್ತದಾ? ಮೂರನೆಯದು, ಯೂನಿಟ್ ದರವೋ ತಿಂಗಳ ಮೊತ್ತವೋ ವರ್ಷ ವರ್ಷ ಏರುತ್ತದಾ? ಕೊನೆಯದು, ಮನೆ ಮಾರಿದರೆ ಆ ಆರ್‌.ಆರ್‌. ನಂಬರಿನ ಮೇಲಿನ ಬಾಕಿಯನ್ನು ಕೊಳ್ಳುವವರು ಹೊರಬೇಕಾ, ನೀವು ತೀರಿಸಿ ಕೊಡಬೇಕಾ?

ಬ್ಯಾಂಕಿನಲ್ಲಿ ಸಾಲ ಸಿಗದವರಿಗೆ, ರಿಪೇರಿ ತಲೆಬಿಸಿ ಬೇಡ ಎನ್ನುವ ವಯಸ್ಸಾದವರಿಗೆ, ತಿಂಗಳಿಗೆ 300 ಯೂನಿಟ್ ಮೇಲೆ ಬಳಸುವವರಿಗೆ ಈ ದಾರಿ ಒಗ್ಗಬಹುದು. ಬ್ಯಾಂಕಿನಲ್ಲಿ ಸಾಲ ಸಲೀಸಾಗಿ ಸಿಗುವವರು ಸಬ್ಸಿಡಿಯನ್ನು ಬೇರೆಯವರ ಕೈಗೆ ಯಾಕೆ ಕೊಡಬೇಕು ಎನ್ನುವುದು ನನಗೆ ತಿಳಿಯದ ವಿಷಯ.

ಬ್ಯಾಂಕ್ ಸಾಲ: ಲೆಕ್ಕ ಬಿಡಿಸಿದರೆ

ಪಿಎಂ ಸೂರ್ಯಘರ್ 2024ರ ಫೆಬ್ರವರಿಯಲ್ಲಿ ಶುರುವಾಯಿತು. ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000. ಒಟ್ಟು 78,000, ಅದರ ಮೇಲೆ ಇಲ್ಲ. 3 ಕಿಲೋವ್ಯಾಟ್‌ವರೆಗೆ ಜಾಮೀನಿಲ್ಲದ ಸಾಲವನ್ನು ಸರ್ಕಾರಿ ಬ್ಯಾಂಕುಗಳು ಕೊಡುತ್ತವೆ. ಬಡ್ಡಿ ರೆಪೋ ದರಕ್ಕೆ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಕಟ್ಟಿದ್ದು, ಯೋಜನೆ ಬಂದಾಗ ಶೇ 7ರ ಹತ್ತಿರ ಇತ್ತು. ರೆಪೋ ಇಳಿದರೆ ಇದೂ ಇಳಿಯುತ್ತದೆ, ಏರಿದರೆ ಏರುತ್ತದೆ.

3 ಕಿಲೋವ್ಯಾಟ್‌ಗೆ ಕೊಟೇಶನ್ 1,98,000 ಬಂತು ಎಂದಿಟ್ಟುಕೊಳ್ಳಿ. ಸಬ್ಸಿಡಿ ಕಳೆದರೆ 1,20,000. ಅಷ್ಟನ್ನೂ ಶೇ 7ರಲ್ಲಿ 10 ವರ್ಷಕ್ಕೆ ಸಾಲ ಮಾಡಿದರೆ ತಿಂಗಳ ಕಂತು 1,393. 5 ವರ್ಷಕ್ಕಾದರೆ 2,376. ಈ ಕಡೆ ಉಳಿತಾಯ ನೋಡಿ. ನಮ್ಮ ಮಳೆ ಮೋಡ ಎಲ್ಲ ಸೇರಿಸಿ ತಿಂಗಳ ಸರಾಸರಿ 300 ಯೂನಿಟ್ ಹಿಡಿಯುವುದು ಜಾಗ್ರತೆಯ ಲೆಕ್ಕ. ಅಷ್ಟನ್ನೂ ಬಳಸುವ ಮನೆಯಾದರೆ 1,950 ರೂಪಾಯಿ. ಹತ್ತು ವರ್ಷದ ಸಾಲದಲ್ಲಿ ಕೈಯಲ್ಲಿ 550 ಉಳಿಯಿತು. ಐದು ವರ್ಷದ್ದರಲ್ಲಿ 400 ಚಿಲ್ಲರೆ ಕೈಯಿಂದ ಹೋಯಿತು. ಆದರೆ ಹತ್ತು ವರ್ಷಕ್ಕೆ ಬಡ್ಡಿಯೇ 47,000 ಆಗುತ್ತದೆ, ಐದಕ್ಕೆ 22,500. ನನ್ನನ್ನು ಕೇಳಿದರೆ ಹತ್ತಕ್ಕೆ ಬರೆಸಿ, ದುಡ್ಡು ಬಂದಾಗ ಮೊದಲೇ ತುಂಬಿ. ಅವಧಿಗೆ ಮುಂಚೆ ತೀರಿಸಿದರೆ ದಂಡ ಇದೆಯಾ ಎಂದು ಮಾತ್ರ ಮೊದಲೇ ಕೇಳಿಕೊಳ್ಳಿ.

ತಿಂಗಳಿಗೆ 190 ಯೂನಿಟ್ ಬಳಸಿ, 175 ಉಚಿತ ಇರುವ ಮನೆಗೆ ಇದೇ ಲೆಕ್ಕ ಹಾಕಿ. ಈಗ ಕಟ್ಟುವುದು 15 ಯೂನಿಟ್‌ನ ನೂರು ರೂಪಾಯಿ. ಕಂತು 1,393. ಇದಕ್ಕಿಂತ ಹೆಚ್ಚು ಹೇಳುವುದು ಬೇಡ ಅಲ್ವಾ?

ಒಂದು ತಾಂತ್ರಿಕ ಮಾತು. ಸಬ್ಸಿಡಿ ಮೊದಲು ಬರುವುದಿಲ್ಲ. ಸೋಲಾರ್ ಕೂತು, ಹೆಸ್ಕಾಂನವರು ನೋಡಿ, ಎರಡೂ ಕಡೆ ಲೆಕ್ಕ ಇಡುವ ಮೀಟರ್ ಹಾಕಿ, ಪೋರ್ಟಲ್‌ನಲ್ಲಿ ಎಲ್ಲ ಮುಗಿದ ಮೇಲೆ ಬರುತ್ತದೆ. ಅಲ್ಲಿಯವರೆಗೆ ಪೂರ್ತಿ ಮೊತ್ತದ ಹೊಣೆ ನಿಮ್ಮದು. ಸಬ್ಸಿಡಿ ಬೇಕಾದರೆ ಪ್ಯಾನಲ್ ದೇಶದಲ್ಲೇ ತಯಾರಾದ ಸೆಲ್‌ನದ್ದಾಗಿರಬೇಕು, ಹಾಕುವವರು ಯೋಜನೆಯಲ್ಲಿ ನೋಂದಾಯಿತರಾಗಿರಬೇಕು. ಅವರೇ 5 ವರ್ಷ ನೋಡಿಕೊಳ್ಳಬೇಕು ಎಂಬ ಷರತ್ತೂ ಇದೆ. ಆದ್ದರಿಂದ ದೂರದ ಊರಿನ ಅಗ್ಗದ ಕಂಪನಿಗಿಂತ ಕುಮಟಾದಲ್ಲೋ ಶಿರಸಿಯಲ್ಲೋ ಅಂಗಡಿ ಇಟ್ಟುಕೊಂಡವರು ನಾಲ್ಕು ಸಾವಿರ ಜಾಸ್ತಿ ಹೇಳಿದರೂ ವಾಸಿ.

ಕೊಟೇಶನ್‌ನಲ್ಲಿ ಜನ ಪ್ಯಾನಲ್ ಕಂಪನಿಯ ಹೆಸರು ನೋಡುತ್ತಾರೆ. ಕರಾವಳಿಯವರು ನೋಡಬೇಕಾದದ್ದು "ಸ್ಟ್ರಕ್ಚರ್" ಎಂಬ ಸಾಲು. ಕಾರವಾರ, ಅಂಕೋಲಾ, ಹೊನ್ನಾವರದಲ್ಲಿ ಕಡಲಿಗೆ ಹತ್ತಿರದ ತಾರಸಿಯ ಮೇಲೆ ಬೆಳಿಗ್ಗೆ ಪ್ಯಾನಲ್ಲಿಗೆ ಬೆರಳು ಸವರಿದರೆ ಅಂಟಂಟು, ನಾಲಿಗೆಗೆ ಉಪ್ಪು. ಆ ಉಪ್ಪು ಗಾಜಿಗೆ ಏನೂ ಮಾಡದು. ಬೋಲ್ಟಿಗೆ ಮಾಡುತ್ತದೆ. ಬೆಳ್ಳಿ ಬಣ್ಣ ಬಳಿದ ಸಾದಾ ಕಬ್ಬಿಣದ ಬೋಲ್ಟ್ ಎರಡನೇ ಮಳೆಗಾಲಕ್ಕೆ ಕೆಂಪಾಗಿ, ಅದರಿಂದ ಇಳಿದ ಕಂದು ನೀರು ಗೋಡೆಯ ಮೇಲೆ ಗೆರೆ ಎಳೆದಿರುತ್ತದೆ. ಬಿಸಿ ಸತುವಿನಲ್ಲಿ ಮುಳುಗಿಸಿದ ಜಿಐ ಅಥವಾ ಅಲ್ಯೂಮಿನಿಯಂ ಚೌಕಟ್ಟು, ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಎಂದು ಬರೆಸಿಕೊಳ್ಳಿ. ಹತ್ತು ವರ್ಷದ ಸಾಲಕ್ಕೆ ಹತ್ತು ವರ್ಷ ಬಾಳುವ ಚೌಕಟ್ಟಾದರೂ ಬೇಕು. ಸಿಡಿಲು ತಡೆ ಮತ್ತು ಅರ್ಥಿಂಗ್ ಬೇರೆ ಸಾಲಿನಲ್ಲಿ ಬರೆದಿರಬೇಕು.

ಘಟ್ಟದ ಮೇಲೆ ತೊಂದರೆ ಬೇರೆ. ಹೆಂಚಿನ ಮಾಡು, ಸುತ್ತ ಅಡಿಕೆ ತೋಟದ ನೆರಳು. 1 ಕಿಲೋವ್ಯಾಟ್‌ಗೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಬೇಕು. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಮರದ ನೆರಳು ಬೀಳುವ ಮಾಡಿಗೆ ಸಾಲ ಮಾಡಬೇಡಿ. ಅಡಿಕೆ ಒಣಗಿಸುವ ಅಂಗಳದ ಅಂಚಿನಲ್ಲಿ ಕಂಬ ನಿಲ್ಲಿಸಿ ಹಾಕುವವರೂ ಇದ್ದಾರೆ. ಹಾಗೆ ಮಾಡಿದರೆ ಚೌಕಟ್ಟಿನ ಖರ್ಚು ಏರುತ್ತದೆ.

ಮತ್ತೊಂದು ಮಾತನ್ನು ಮಾರುವವರು ತಾವಾಗಿ ಹೇಳುವುದೇ ಇಲ್ಲ. ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸುವ ಮಾಮೂಲಿ ಆನ್‌-ಗ್ರಿಡ್ ಸೋಲಾರ್, ಲೈನಿನಲ್ಲಿ ಕರೆಂಟ್ ಹೋದರೆ ತಾನೂ ನಿಲ್ಲುತ್ತದೆ. ತಂತಿ ಸರಿ ಮಾಡಲು ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದು ಎಂದೇ ಹಾಗೆ ಮಾಡಿದ್ದಾರೆ. ಜುಲೈನಲ್ಲಿ ಮರ ಬಿದ್ದು ಎರಡು ದಿನ ಕರೆಂಟಿಲ್ಲದ ಸಿದ್ದಾಪುರ, ಯಲ್ಲಾಪುರ, ಜೋಯಿಡಾದ ಹಳ್ಳಿಯವರು ಸೋಲಾರ್ ಬೇಕು ಎನ್ನುವುದು ಮುಖ್ಯವಾಗಿ ದೀಪಕ್ಕಾಗಿ. ಅವರಿಗೆ ಬೇಕಾದದ್ದು ಬ್ಯಾಟರಿ ಇರುವ ಸಣ್ಣ ವ್ಯವಸ್ಥೆ. ಬ್ಯಾಟರಿಗೆ ಈ ಸಬ್ಸಿಡಿ ಇಲ್ಲ, ಬಿಲ್ ಉಳಿತಾಯವೂ ಹೆಚ್ಚಿಲ್ಲ. ಅದನ್ನು ಅನುಕೂಲದ ಖರ್ಚು ಎಂದೇ ನೋಡಿ, ಕೈಲಾದಷ್ಟಕ್ಕೆ ಮಾಡಿ.

ಸೊಸೈಟಿ, ಬಂಗಾರ, ಅಂಗಡಿಯ ಕಂತು

ಬ್ಯಾಂಕ್ ಬಡ್ಡಿ ಕಡಿಮೆ ಎನ್ನುವುದು ಸರಿ. ಆದರೆ ಕಂತು ಪ್ರತಿ ತಿಂಗಳು ಒಂದೇ ತಾರೀಕಿಗೆ ಬರುತ್ತದೆ. ನಮ್ಮ ಜಿಲ್ಲೆಯಲ್ಲಿ ದುಡ್ಡು ಹಾಗೆ ಬರುವುದು ನೌಕರಿಯವರಿಗೆ ಮಾತ್ರ. ಅಡಿಕೆಯವರಿಗೆ ಕೊನೆಕೊಯ್ಲು ಮುಗಿದು ಚಾಲಿಯೋ ಕೆಂಪಡಿಕೆಯೋ ಮಾರಾಟವಾದಾಗ. ಮೀನುಗಾರರಿಗೆ ಆಗಸ್ಟ್ ನಂತರ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಅದೇ ಹೊತ್ತಿಗೆ ಮೋಡ ಕವಿದು ಪ್ಯಾನಲ್ ಮಾರ್ಚ್‌ನಲ್ಲಿ ಕೊಟ್ಟದ್ದರ ಅರ್ಧ ಕೊಡುತ್ತದೆ. ಬೋಟಿಗೆ ಕೆಲಸವಿಲ್ಲ, ಪ್ಯಾನಲ್ಲಿಗೆ ಬಿಸಿಲಿಲ್ಲ, ಕಂತು ಮಾತ್ರ ಇದೆ. ಬೈತಕೋಲ, ತದಡಿ ಕಡೆಯ ಮನೆಗಳಿಗೆ ತಿಂಗಳ ಕಂತಿನ ನಿಜವಾದ ಪರೀಕ್ಷೆ ಈ ಎರಡು ತಿಂಗಳು. ಸಾಲ ಮಾಡಲೇಬೇಕಾದರೆ ಮೇ ಒಳಗೆ ಮೂರು ಕಂತು ಖಾತೆಯಲ್ಲಿ ಇಟ್ಟಿರಿ.

ಈ ವಿಷಯದಲ್ಲಿ ಘಟ್ಟದ ಮೇಲಿನ ಸೊಸೈಟಿಗಳು ಬ್ಯಾಂಕಿಗಿಂತ ಒಂದು ಹೆಜ್ಜೆ ಮುಂದೆ. ಅಡಿಕೆ ಬೆಳೆಗಾರರ ಮಾರಾಟ ಸೊಸೈಟಿಯಾದ ಶಿರಸಿಯ ಟಿಎಸ್‌ಎಸ್ 1923ರಿಂದ ಇದೆ, ಜಿಲ್ಲಾ ಸಹಕಾರಿ ಬ್ಯಾಂಕಾದ ಕೆಡಿಸಿಸಿ 1920ರಿಂದ. ಹಳ್ಳಿ ಹಳ್ಳಿಯಲ್ಲಿ ಸೇವಾ ಸಹಕಾರಿ ಸಂಘ. ಸದಸ್ಯರ ಅಡಿಕೆ ವ್ಯಾಪಾರವಾದಾಗ ಸಾಲದ ಬಾಬ್ತು ಮುರಿದುಕೊಂಡು ಉಳಿದದ್ದು ಖಾತೆಗೆ ಹಾಕುವ ಪದ್ಧತಿ ಇಲ್ಲಿ ಎಲ್ಲರಿಗೂ ಗೊತ್ತು. ಯೋಚಿಸಿ ನೋಡಿದರೆ ಇದೂ ಬಿಲ್ಲಿನ ಮೂಲಕ ಸಾಲ ತೀರಿಸಿದ ಹಾಗೇ. ಬಿಲ್ ಕರೆಂಟಿನದ್ದಲ್ಲ, ಅಡಿಕೆಯದ್ದು. ದುಡ್ಡು ಇರುವ ಜಾಗದಲ್ಲೇ, ಇರುವ ಹೊತ್ತಿಗೇ ಮುರಿಯುತ್ತಾರೆ. ಬಡ್ಡಿ ಒಂದೆರಡು ಪರ್ಸೆಂಟ್ ಜಾಸ್ತಿ ಇದ್ದರೂ ವರ್ಷಕ್ಕೊಮ್ಮೆ ಕಟ್ಟುವ ಅನುಕೂಲ ಸಿಕ್ಕರೆ ಬೆಳೆಗಾರರ ಮನೆಗೆ ಇದೇ ಒಳ್ಳೆಯದು ಎನ್ನುತ್ತೇನೆ. ಹಣದ ಹರಿವು ನೋಡಿ ಕಂತು ಕಟ್ಟುವ ಈ ಯೋಚನೆಯ ಮೇಲೆಯೇ 1995ರಲ್ಲಿ ಶುರುವಾದ ಸೋಲಾರ್ ಕಂಪನಿ ಸೆಲ್ಕೋ, ಗ್ರಾಮೀಣ ಬ್ಯಾಂಕುಗಳನ್ನು ಒಪ್ಪಿಸಿ, ನಮ್ಮ ರಾಜ್ಯದ ಹಳ್ಳಿಗಳಿಗೆ ಸೋಲಾರ್ ದೀಪ ತಲುಪಿಸಿದ್ದು.

ಬಂಗಾರದ ಸಾಲ ಬೇಗ ಸಿಗುತ್ತದೆ. ಫ್ಯಾನ್, ಫ್ರಿಜ್ಜಿಗೆ ಆರು ತಿಂಗಳ ಮಟ್ಟಿಗೆ ಪರವಾಗಿಲ್ಲ. ಹತ್ತು ವರ್ಷದ ಸೋಲಾರಿಗೆ ಬಳೆ ಇಡುವುದು ಬೇಡ.

ಅಂಗಡಿಯ "ಬಡ್ಡಿ ಇಲ್ಲದ" ಕಂತಿನ ಬಗ್ಗೆ ಎರಡು ಮಾತು. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಬಡ್ಡಿ ಎಲ್ಲೋ ಅಡಗಿರುತ್ತದೆ. ಅದನ್ನು ಹುಡುಕುವುದು ಸುಲಭ. ಅಂಗಡಿಯಲ್ಲಿ ಮೊದಲು ನಗದು ಬೆಲೆ ಕೇಳಿ, ಚೌಕಾಶಿ ಮಾಡಿ, ಕೊನೆಯ ಬೆಲೆ ಚೀಟಿಯಲ್ಲಿ ಬರೆಸಿಕೊಳ್ಳಿ. ಆಮೇಲೆ ಕಂತಿನ ಮಾತು ತೆಗೆಯಿರಿ. ಫ್ರಿಜ್ಜಿಗೆ ನಗದು 22,500, ಕಂತಿನಲ್ಲಾದರೆ 2,000ದಂತೆ 12 ತಿಂಗಳು, ಜೊತೆಗೆ 300 ರೂಪಾಯಿ ಫೀ ಮತ್ತು ಅದರ ಜಿಎಸ್‌ಟಿ ಎನ್ನೋಣ. ಇದು ವರ್ಷಕ್ಕೆ ಶೇ 15ರ ಸಾಲ! ಸೊಸೈಟಿಯವರು ಅಷ್ಟು ಬಡ್ಡಿ ಕೇಳಿದರೆ ಸಭೆಯಲ್ಲಿ ಗಲಾಟೆ ಆಗುತ್ತದೆ. ನಗದು ಬೆಲೆಗೂ ಕಂತಿನ ಒಟ್ಟು ಬೆಲೆಗೂ ವ್ಯತ್ಯಾಸವೇ ಇಲ್ಲದಿದ್ದರೆ ಮಾತ್ರ ಧೈರ್ಯವಾಗಿ ತೆಗೆದುಕೊಳ್ಳಿ, ಹಬ್ಬದ ದಿನಗಳಲ್ಲಿ ಹಾಗೆ ಸಿಗುವುದುಂಟು.

ಬಾಡಿಗೆ ಮನೆಯವರು

ಕಾರವಾರದಲ್ಲಿ ನೌಕಾನೆಲೆಯ ಕೆಲಸಕ್ಕೆ ಬಂದವರು, ಗುತ್ತಿಗೆ ನೌಕರರು, ಬ್ಯಾಂಕು–ಕಾಲೇಜಿನವರು ಹೀಗೆ ಬಾಡಿಗೆಯವರು ಬಹಳ. ಮನೆ ಮಾಲೀಕರು ಸೋಲಾರ್ ಹಾಕಿಸುವುದಿಲ್ಲ, ಬಿಲ್ ಕಟ್ಟುವುದು ಅವರಲ್ಲವಲ್ಲ. ಬಾಡಿಗೆಯವರೂ ಹಾಕಿಸುವುದಿಲ್ಲ, ಎರಡು ವರ್ಷಕ್ಕೆ ವರ್ಗವಾಗುತ್ತದೆ. ಮೀಟರಿಗೆ ಅಂಟಿದ ಕಂತು ನಿಜವಾಗಿ ಕೆಲಸಕ್ಕೆ ಬರುವುದು ಇಂಥ ಕಡೆ. ಆದರೆ ತಾರಸಿ ಮಾಲೀಕರದ್ದು, ಆರ್‌.ಆರ್‌. ನಂಬರ್ ಸಾಮಾನ್ಯವಾಗಿ ಅವರ ಹೆಸರಿನಲ್ಲೇ. ಹಾಗಾಗಿ ಅವರ ಸಹಿ ಇಲ್ಲದೆ ಯಾವುದೂ ನಡೆಯದು.

ಸದ್ಯಕ್ಕೆ ಬಾಡಿಗೆಯವರಿಗೆ ನಾನು ಹೇಳುವುದು ಬಿಚ್ಚಿ ಒಯ್ಯಬಹುದಾದ ವಸ್ತುಗಳಿಗೆ ಮಾತ್ರ ದುಡ್ಡು ಹಾಕಿ ಎಂದು. ಫ್ಯಾನ್, ಎಲ್‌ಇಡಿ, ಫ್ರಿಜ್. ಹಳೆ ಫ್ಯಾನ್‌ಗಳನ್ನು ಎಸೆಯದೆ ಅಟ್ಟದ ಮೇಲೆ ಇಟ್ಟಿರಿ, ಹೊರಡುವಾಗ ಮತ್ತೆ ತೂಗುಹಾಕಿ ಹೋಗಬೇಕಲ್ಲ. ಇಲ್ಲವೇ ಕರಾರು ಪತ್ರದಲ್ಲಿ ಒಂದು ಸಾಲು ಸೇರಿಸಿ: ಹೊಸ ಫ್ಯಾನ್ ಇಲ್ಲೇ ಬಿಟ್ಟರೆ ಇಂತಿಷ್ಟು ದುಡ್ಡನ್ನು ಮಾಲೀಕರು ಡಿಪಾಸಿಟ್ ಜೊತೆ ವಾಪಸು ಕೊಡಬೇಕು ಎಂದು. ಮನೆ ಬಿಡುವ ವಾರ ಸೇವಾಸಿಂಧುವಿನಲ್ಲಿ ನಿಮ್ಮ ಆಧಾರ್‌ಗೆ ಜೋಡಿಸಿದ ಆ ಮನೆಯ ಗೃಹಜ್ಯೋತಿ ನೋಂದಣಿಯನ್ನೂ ಬಿಡಿಸಿಕೊಳ್ಳಿ. ಇಲ್ಲದಿದ್ದರೆ ಮುಂದಿನ ಮನೆಯ ಆರ್‌.ಆರ್‌. ನಂಬರಿಗೆ ಅದು ಸೇರುವುದಿಲ್ಲ, ಮೊದಲ ತಿಂಗಳೇ ಪೂರ್ತಿ ಬಿಲ್ ಬರುತ್ತದೆ.